ಗೇರ್‌ಬಾಕ್ಸ್ ಬಿಚ್ಚಿದಾಗ ಸಿಕ್ಕ ಇತಿಹಾಸ



ರಜೆ ಮುಗಿದ ಮೇಲಿನ ಮೊದಲ ಕನ್ನಡ ತರಗತಿಯಲ್ಲಿ ಟೀಚರ್ "ರಜೆಯಲ್ಲಿ ಏನೇನು ಮಾಡಿದಿರಿ?" ಎಂದು ಕೇಳಿದರಂತೆ. ನನ್ನ ಮಗಳು ಎದ್ದು ನಿಂತು "ತಾತನ ಜೊತೆ ಗೇರ್‌ಬಾಕ್ಸ್ ಇಳಿಸಿದೆ" ಎಂದಳಂತೆ. ತರಗತಿಯೆಲ್ಲ ನಕ್ಕಿತು. ಟೀಚರ್ ಮಾತ್ರ ಹೊರಗೆ ನನ್ನನ್ನು ಹಿಡಿದು ನಿಲ್ಲಿಸಿ, "ಅದನ್ನೇ ನಮ್ಮ ಪತ್ರಿಕೆಗೆ ಬರೆದುಕೊಡಿ. ಆದರೆ ಬರೀ ಸ್ಪ್ಯಾನರ್ ಪುರಾಣ ಬೇಡ, ಸ್ವಲ್ಪ ಇತಿಹಾಸ ಇರಲಿ" ಎಂದರು. ಇತಿಹಾಸ ಇದೆ. ಸ್ಪ್ಯಾನರ್ ಕೂಡ ನಡುನಡುವೆ ಬರುತ್ತದೆ, ಕ್ಷಮಿಸಿ.

ನಮ್ಮ ಗ್ಯಾರೇಜಿನಲ್ಲಿ 1959ರ ಒಂದು ಮಾರಿಸ್ ಮೈನರ್ ಕಾರಿದೆ. ಇಂಗ್ಲೆಂಡಿಗೆ ಬಂದು ಹತ್ತು ವರ್ಷವಾದ ಮೇಲೆ, ಮನೆಯಾಕೆಯ ಒಪ್ಪಿಗೆ ಅರ್ಧ ಸಿಕ್ಕಿದಾಗ, ಕೊಂಡದ್ದು. 1948ರಲ್ಲಿ ಲಂಡನ್ನಿನ ಮೋಟಾರ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು, ಹತ್ತು ಲಕ್ಷ ಸಂಖ್ಯೆ ದಾಟಿದ ಮೊದಲ ಬ್ರಿಟಿಷ್ ಕಾರು. ಇದನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್. ಮುಂದೆ ಮಿನಿ ಕಾರನ್ನು ಮಾಡಿದವರೂ ಅವರೇ. ನಮ್ಮ ದೇಶಕ್ಕೂ ಇದು ಪೂರ್ತಿ ಹೊಸದಲ್ಲ. 1950ರ ದಶಕದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನೇ 'ಬೇಬಿ ಹಿಂದುಸ್ತಾನ್' ಎಂಬ ಹೆಸರಿನಲ್ಲಿ ಮಾರಿತ್ತು. ಆಮೇಲೆ ಬಂದ ಅಂಬಾಸಿಡರ್, ಮೈನರ್‌ನ ದೊಡ್ಡಣ್ಣ ಎನ್ನಬಹುದಾದ ಮಾರಿಸ್ ಆಕ್ಸ್‌ಫರ್ಡ್‌ನ ರೂಪ. ನನ್ನ ಅಪ್ಪ ಹಾಸನದಿಂದ ಎರಡು ತಿಂಗಳಿಗೆ ಬಂದವರು ಗ್ಯಾರೇಜಿನ ಬಾಗಿಲು ಎತ್ತಿದ ಕೂಡಲೇ "ಇದು ಅಂಬಾಸಿಡರ್ ಮರಿ ಅಲ್ವೇನೋ!" ಎಂದದ್ದು ಅದಕ್ಕೇ.

ಮರಿಗೆ ಕಾಯಿಲೆ ಇತ್ತು. ಏರು ಬಂದರೆ ಇಂಜಿನ್ ಕಿರುಚುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಅಂದರೆ ಕ್ಲಚ್ ಪ್ಲೇಟ್ ಸವೆದಿದೆ. ಅದರ ಜೊತೆಗೆ ಎರಡನೇ ಗೇರ್ ತಾನಾಗಿಯೇ ಎಗರಿ ನ್ಯೂಟ್ರಲ್‌ಗೆ ಬರುತ್ತಿತ್ತು. ಅಪ್ಪ ನಲವತ್ತು ವರ್ಷ ಲಾರಿ ಓಡಿಸಿದವರು. "ಎರಡೂ ಒಟ್ಟಿಗೆ ನೋಡ್ಬಿಡಣ, ನಾನು ಹೋಗೋದ್ರೊಳಗೆ" ಎಂದರು. ಅವರ ವಾಪಸ್ ವಿಮಾನಕ್ಕೆ ಐದು ವಾರ ಇತ್ತು.

ಮಕ್ಕಳೇ, ಮೊದಲು ಒಂದು ಪ್ರಶ್ನೆ. ಕಾರಿಗೆ ಕ್ಲಚ್ ಯಾಕೆ ಬೇಕು? ಹಬೆ ರೈಲಿನ ಇಂಜಿನ್‌ಗೆ ಕ್ಲಚ್ ಇಲ್ಲ. ಹಬೆಯನ್ನು ಸಿಲಿಂಡರಿಗೆ ಬಿಟ್ಟರೆ, ನಿಂತಲ್ಲಿಂದಲೇ ಅದು ತಳ್ಳುತ್ತದೆ. ಪೆಟ್ರೋಲ್ ಇಂಜಿನ್‌ಗೆ ಆ ಶಕ್ತಿ ಇಲ್ಲ. ಅದು ನಿಮಿಷಕ್ಕೆ ಕೆಲವು ನೂರು ಸುತ್ತಾದರೂ ತಿರುಗುತ್ತಿರಬೇಕು, ಇಲ್ಲದಿದ್ದರೆ ಸತ್ತುಹೋಗುತ್ತದೆ. ಆದರೆ ನಿಂತ ಕಾರಿನ ಚಕ್ರ ತಿರುಗುತ್ತಿಲ್ಲ. ತಿರುಗುವ ಇಂಜಿನ್ನನ್ನೂ ನಿಂತ ಚಕ್ರವನ್ನೂ ಮೆಲ್ಲಗೆ ಜೋಡಿಸುವುದು, ಬೇಕಾದಾಗ ಬಿಡಿಸುವುದು ಕ್ಲಚ್ಚಿನ ಕೆಲಸ. ಜೋಡಿಸಿದ ಮೇಲೂ ಏರಿನಲ್ಲಿ ಇಂಜಿನ್‌ನ ಬಲ ಸಾಲದು. ನಿಮ್ಮ ಸೈಕಲ್ಲಿನಲ್ಲಿ ಏರು ಬಂದಾಗ ಏನು ಮಾಡುತ್ತೀರಿ, ಅದನ್ನೇ ಗೇರ್‌ಬಾಕ್ಸ್ ಮಾಡುತ್ತದೆ.

ಪೋಷಕರಲ್ಲಿ ಕೆಲವರಿಗೆ ಊರಿನ ಹಿಟ್ಟಿನ ಗಿರಣಿ ನೆನಪಿರಬೇಕು. ಒಂದೇ ಮೋಟಾರು, ಉದ್ದದ ಒಂದು ದಂಡ, ಅದರಿಂದ ರಾಗಿ ಗಿರಣಿಗೊಂದು ಬೆಲ್ಟು, ಖಾರದ ಪುಡಿಗೊಂದು ಬೆಲ್ಟು. ಖಾರದ್ದು ನಿಲ್ಲಿಸಬೇಕಾದರೆ ಗಿರಣಿಯವನು ಮೋಟಾರು ಆರಿಸುತ್ತಿರಲಿಲ್ಲ. ಒಂದು ಕೋಲಿನಿಂದ ಬೆಲ್ಟನ್ನು ಪಕ್ಕದ ಗಾಲಿಗೆ ಸರಿಸಿಬಿಡುತ್ತಿದ್ದ. ಆ ಗಾಲಿ ಸುಮ್ಮನೆ ತಿರುಗುತ್ತದೆ, ಯಾವುದಕ್ಕೂ ಅಂಟಿಕೊಂಡಿಲ್ಲ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಮೋಟಾರು ಗಾಡಿಯ ಕ್ಲಚ್ ಕೂಡ ಇದೇ ಉಪಾಯ: ಚರ್ಮದ ಬೆಲ್ಟು, ಪಕ್ಕಪಕ್ಕದಲ್ಲಿ ಎರಡು ಗಾಲಿ, ಸರಿಸಲು ಒಂದು ಹಿಡಿ.

ಆ ಗಾಡಿಯನ್ನು ಮೊದಲು ದೂರ ಓಡಿಸಿದವರು ಕಾರ್ಲ್ ಅಲ್ಲ, ಅವರ ಹೆಂಡತಿ ಬರ್ಥಾ. 1888ರ ಆಗಸ್ಟ್‌ನಲ್ಲಿ, ಗಂಡನಿಗೆ ಹೇಳದೆ, ಹದಿನೈದು ವರ್ಷದ ಓಯ್ಗನ್ ಮತ್ತು ಹದಿಮೂರು ವರ್ಷದ ರಿಚರ್ಡ್ ಎಂಬ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ತವರೂರಾದ ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ಔಷಧಿ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ದ್ರವ ಕೊಂಡು ತುಂಬಿಸಿದರು. ಕಟ್ಟಿಕೊಂಡ ಪೈಪನ್ನು ಟೋಪಿಯ ಪಿನ್ನಿನಿಂದ ಬಿಡಿಸಿದರು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡು ಸವೆದಾಗ ದಾರಿಯ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದರು. ಏರು ಬಂದಾಗ ಮಾತ್ರ ಯಾವ ಉಪಾಯವೂ ನಡೆಯಲಿಲ್ಲ. ಹುಡುಗರು ಇಳಿದು ತಳ್ಳಬೇಕಾಯಿತು. ಮನೆಗೆ ಮರಳಿದ ಮೇಲೆ ಬರ್ಥಾ ಹೇಳಿದ ಸುಧಾರಣೆಗಳಲ್ಲಿ ಒಂದು, ಏರು ಹತ್ತಲು ಇನ್ನೊಂದು ಗೇರ್ ಬೇಕು ಎಂಬುದು. ಕಾರಿನ ಇತಿಹಾಸದಲ್ಲಿ ಮೊದಲ ದೊಡ್ಡ ಪರೀಕ್ಷಾ ವರದಿ ಬರೆದವರು ಒಬ್ಬ ತಾಯಿ ಎಂದು ನಾನು ಮಗಳಿಗೆ ಹೇಳಿದೆ. ಅವಳಿಗೆ ತಳ್ಳಿದ ಹುಡುಗರ ಮೇಲೆ ಹೆಚ್ಚು ಕನಿಕರ ಬಂತು, ಯಾಕೆಂದರೆ ಆ ವಾರವಷ್ಟೇ ನಮ್ಮ ಕಾರನ್ನು ಅವಳೇ ಗ್ಯಾರೇಜಿಗೆ ತಳ್ಳಿದ್ದಳು.

ಇನ್ನು ಸ್ಪ್ಯಾನರ್. ಮೈನರ್‌ನ ಗೇರ್‌ಬಾಕ್ಸ್ ಮುಂದಿನ ಎರಡು ಸೀಟುಗಳ ನಡುವೆ, ನೆಲದಡಿ ಇರುತ್ತದೆ. ಒಳಗಿನ ಕಾರ್ಪೆಟ್ ಎತ್ತಿ, ಅದರ ಮೇಲಿನ ತಗಡಿನ ಮುಚ್ಚಳ ಬಿಚ್ಚಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಇಂಜಿನ್ ಕೆಳಗೆ ಜಾಕ್ ಕೊಟ್ಟು, ಸುತ್ತಲಿನ ಬೋಲ್ಟ್ ತೆಗೆದು, ಗೇರ್‌ಬಾಕ್ಸನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಹೇಳಲು ಒಂದು ವಾಕ್ಯ. ನಮಗೆ ಎರಡು ಶನಿವಾರ ಹಿಡಿಯಿತು. ಮಕ್ಕಳಿಗೆ ಒಂದು ಎಚ್ಚರಿಕೆ: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ, ಅಪ್ಪನೂ, ತಲೆ ಹಾಕಕೂಡದು. ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೇ ಕೆಲಸ.

ಗೇರ್‌ಬಾಕ್ಸ್ ಇಳಿದ ಮೇಲೆ ಕಂಡದ್ದು ಕ್ಲಚ್. ಫ್ಲೈವೀಲ್ ಎಂಬ ಭಾರದ ಚಕ್ರ, ಅದಕ್ಕೆ ಅಂಟಿ ಕೂರುವ ತೆಳುವಾದ ಕ್ಲಚ್ ಪ್ಲೇಟ್, ಅದನ್ನು ಸ್ಪ್ರಿಂಗ್‌ಗಳಿಂದ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್. ಪ್ಲೇಟಿನ ಎರಡು ಕಡೆಗೂ ಘರ್ಷಣೆಯ ಪದರ ಇರುತ್ತದೆ. ನಮ್ಮದರಲ್ಲಿ ಅದು ಕೆಳಗಿನ ರಿವೆಟ್ ಕಾಣುವಷ್ಟು ಸವೆದಿತ್ತು. ಮಗಳು ಅಲ್ಲಿದ್ದ ಕಪ್ಪು ಧೂಳನ್ನು ಊದಲು ಹೋದಳು. ನಾನು ಜೋರಾಗಿ ಕೂಗಿದೆ. ಅಪ್ಪನಿಗೇ ಗಾಬರಿಯಾಯಿತು.

ಆ ಕೂಗಿಗೂ ಒಂದು ಇತಿಹಾಸ ಇದೆ. ಇಲ್ಲೇ ಡರ್ಬಿಶೈರ್‌ನ ಗುಡ್ಡಗಳಲ್ಲಿ ಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲೆಂದು ಮರದ ತುಂಡಿಗೆ ಹಳೆಯ ಬೂಟನ್ನು ಕಟ್ಟುತ್ತಿದ್ದರು. ಬರ್ಥಾ ಚರ್ಮ ಹೊಡೆಸಿದ ಹಾಗೇ. ಅದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬವರು 1897ರಲ್ಲಿ ಬ್ರೇಕಿಗಾಗಿಯೇ ಘರ್ಷಣೆಯ ಪದರ ತಯಾರಿಸುವ ಉದ್ಯಮ ಶುರುಮಾಡಿದರು. ಫೆರೋಡೊ ಎಂಬ ಹೆಸರು ಅವರ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿ ಕಟ್ಟಿದ್ದು. ಬಿಸಿಗೆ ಚರ್ಮ ಸುಡುತ್ತದೆ, ಹತ್ತಿ ಸುಡುತ್ತದೆ. ಸುಡದ ವಸ್ತು ಬೇಕೆಂದು ಜಗತ್ತೆಲ್ಲ ಕಲ್ನಾರು ಅಂದರೆ ಆಸ್ಬೆಸ್ಟಾಸ್ ಹಿಡಿಯಿತು. ಅದರ ನವಿರಾದ ಧೂಳು ಶ್ವಾಸಕೋಶಕ್ಕೆ ಹೋಗಿ, ದಶಕಗಳ ನಂತರ ಪ್ರಾಣ ತೆಗೆಯುವ ಕಾಯಿಲೆ ತರುತ್ತದೆ ಎಂಬುದು ಗೊತ್ತಾಗಿ, ಬ್ರಿಟನ್ನಿನಲ್ಲಿ ಪೂರ್ತಿ ನಿಷೇಧ ಬಂದದ್ದು 1999ರಲ್ಲಿ. ಹಳೆಯ ಕಾರಿನ ಕ್ಲಚ್ ಧೂಳನ್ನು ಊದಬಾರದು, ಒಣಗಿದ್ದಾಗ ಗುಡಿಸಲೂ ಬಾರದು. ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಬೇಕು. ಅಪ್ಪ ಮೆತ್ತಗೆ, "ನಾವು ಬಾಯಲ್ಲೇ ಊದ್ತಿದ್ವಲ್ಲೋ" ಎಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಎರಡನೇ ಗೇರಿನ ಕಾಯಿಲೆ ನೋಡಲು ಗೇರ್‌ಬಾಕ್ಸಿನ ಪಕ್ಕದ ಮುಚ್ಚಳ ತೆಗೆದೆವು. ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಅದರ ಒಳಗೆ ಕಂಡದ್ದು. ನಾಲ್ಕು ಗೇರುಗಳು ಒಂದೇ ಪೆಟ್ಟಿಗೆಯಲ್ಲಿವೆ, ಆದರೆ ಅವು ಒಂದೇ ಕಾಲದವಲ್ಲ.

ಮೊದಲನೇ ಗೇರ್ 1891ರದ್ದು. ಅಂದರೆ ಅದರ ಹಿಂದಿನ ಆಲೋಚನೆ. ಆ ವರ್ಷ ಫ್ರಾನ್ಸಿನಲ್ಲಿ ಪನಾರ್ ಮತ್ತು ಲೆವಸ್ಸೋರ್ ಎಂಬಿಬ್ಬರ ಕಂಪನಿ ಇಂಜಿನ್ ಮುಂದೆ, ಅದರ ಹಿಂದೆ ಕ್ಲಚ್, ಅದರ ಹಿಂದೆ ಗೇರ್‌ಬಾಕ್ಸ್, ಬಲ ಹಿಂದಿನ ಚಕ್ರಕ್ಕೆ ಎಂಬ ಜೋಡಣೆಯ ಕಾರು ಮಾಡಿತು. ನಮ್ಮ ಮೈನರ್, ಅಂಬಾಸಿಡರ್, ಅಪ್ಪನ ಲಾರಿ ಎಲ್ಲಕ್ಕೂ ಅದೇ ಜೋಡಣೆ. ಎಮಿಲ್ ಲೆವಸ್ಸೋರ್ ಗೇರ್ ಬದಲಿಸಲು ಕಂಡುಕೊಂಡ ದಾರಿ ಬಹಳ ಸರಳ: ಹಲ್ಲಿನ ಚಕ್ರವನ್ನು ದಂಡದ ಮೇಲೆ ಸರಿಸಿ ಇನ್ನೊಂದರ ಹಲ್ಲಿಗೆ ನುಗ್ಗಿಸುವುದು. ಎರಡೂ ಒಂದೇ ವೇಗದಲ್ಲಿ ತಿರುಗುತ್ತಿಲ್ಲದಿದ್ದರೆ ಕರ್ರ್ ಎಂದು ಕಿವಿ ಕಿತ್ತುಹೋಗುವ ಸದ್ದು. ಒರಟು ನಿಜ, ಆದರೆ ಕೆಲಸ ನಡೆಯುತ್ತದೆ ಎಂಬ ಅರ್ಥದಲ್ಲಿ ಅವರೇ ಹೇಳಿದರಂತೆ. ಕೆಲಸ ನಡೆಯಿತು ಕೂಡ. 1895ರಲ್ಲಿ ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಬರುವ ಸುಮಾರು 1,180 ಕಿಲೋಮೀಟರಿನ ಓಟವನ್ನು ಅವರು 48 ಗಂಟೆ 48 ನಿಮಿಷದಲ್ಲಿ ಮುಗಿಸಿದರು. ಮೈನರ್‌ನ ಮೊದಲನೇ ಗೇರ್ ಇವತ್ತಿಗೂ ಹಾಗೆಯೇ ನುಗ್ಗುವ ಗೇರ್. ನಿಂತಾಗ ಮಾತ್ರ ಹಾಕುವುದು ತಾನೇ, ಹೆಚ್ಚಿನ ಖರ್ಚು ಯಾಕೆ ಎಂದು ತಯಾರಕರು ಬಿಟ್ಟಿದ್ದಾರೆ.

ನಾಲ್ಕನೇ ಗೇರ್ 1898ರದ್ದು. ಇದರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಇದು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ. ಪ್ಯಾರಿಸ್ ಪಕ್ಕದ ಬಿಯಾಂಕೂರ್‌ನಲ್ಲಿ ಬಟನ್ ಮತ್ತು ಬಟ್ಟೆ ವ್ಯಾಪಾರದ ಶ್ರೀಮಂತ ಕುಟುಂಬವೊಂದಿತ್ತು. ಕಿರಿಯ ಮಗ ಲೂಯಿ ರೆನೋಗೆ ಓದು ಅಷ್ಟಾಗಿ ಹತ್ತಲಿಲ್ಲ. ತೋಟದ ಮೂಲೆಯ ಶೆಡ್ಡಿನಲ್ಲಿ ಯಂತ್ರಗಳ ಜೊತೆ ಕೂರುವುದೇ ಅವನ ಕೆಲಸ. (ಪೋಷಕರೇ, ಇದನ್ನು ನಿಮ್ಮ ಮಕ್ಕಳು ಹೋಮ್‌ವರ್ಕ್ ತಪ್ಪಿಸಲು ಬಳಸಿದರೆ ನಾನು ಹೊಣೆಯಲ್ಲ.) ಇಪ್ಪತ್ತೊಂದನೇ ವಯಸ್ಸಿನಲ್ಲಿ ಅವನು ಡಿ ಡಿಯೋನ್ ಕಂಪನಿಯ ಮೂರು ಚಕ್ರದ ಮೋಟಾರು ಸೈಕಲ್ಲನ್ನು ಬಿಚ್ಚಿ, ನಾಲ್ಕು ಚಕ್ರದ ಪುಟ್ಟ ಕಾರು ಮಾಡಿ, ತಾನೇ ಯೋಚಿಸಿದ ಗೇರ್‌ಬಾಕ್ಸ್ ಕೂರಿಸಿದ. ಮೂರು ಗೇರ್, ಒಂದು ರಿವರ್ಸ್. ಅಲ್ಲಿಯವರೆಗಿನ ಕಾರುಗಳಲ್ಲಿ ಯಾವ ಗೇರಿನಲ್ಲಿದ್ದರೂ ಬಲ ಹಲ್ಲುಗಳ ಮೂಲಕವೇ ಹಾದು ಹೋಗಬೇಕು, ಪ್ರತಿ ಹಲ್ಲಿನಲ್ಲೂ ಸ್ವಲ್ಪ ನಷ್ಟ, ಸ್ವಲ್ಪ ಗದ್ದಲ. ಲೂಯಿ ಮೇಲಿನ ಗೇರಿನಲ್ಲಿ ಒಳಬರುವ ದಂಡವನ್ನೂ ಹೊರಹೋಗುವ ದಂಡವನ್ನೂ ನೇರವಾಗಿ ಕೊಂಡಿ ಹಾಕಿಬಿಟ್ಟ. ಬಲ ಹಲ್ಲುಗಳನ್ನು ಮುಟ್ಟದೆ ಸೀದಾ ಹೊರಗೆ. ಸರಪಣಿಯ ಬದಲು ಹಿಂದಿನ ಚಕ್ರಕ್ಕೆ ದಂಡ.

1898ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಗೆಳೆಯರ ಊಟದ ಕೂಟದಲ್ಲಿ ಈ ಗಾಡಿಯ ಮಾತು ಬಂತು. ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ಮೊಂಮಾರ್ತ್ರ್ ಗುಡ್ಡದ ಕಡಿದಾದ ಲೆಪಿಕ್ ಬೀದಿಯನ್ನು ಹತ್ತಿಸು, ನೋಡೋಣ ಎಂದರು. ಹತ್ತಿಸಿದ. ಆ ರಾತ್ರಿಯೇ ಹನ್ನೆರಡು ಗಾಡಿಗಳಿಗೆ ಆರ್ಡರ್ ಬಂತು. ಮುಂದಿನ ವರ್ಷ ಪೇಟೆಂಟ್ ಬಂತು, ಅಣ್ಣಂದಿರ ಜೊತೆ ಕಂಪನಿ ಬಂತು. ನಮ್ಮ ಮೈನರ್‌ನ ನಾಲ್ಕನೇ ಗೇರ್‌ಗೆ ಹಾಕಿ ಕೈಯಲ್ಲಿ ದಂಡ ತಿರುಗಿಸಿದಾಗ ಹಿಂದಿನ ದಂಡವೂ ಅಷ್ಟೇ ಸುತ್ತು ತಿರುಗಿತು. ಮಗಳು ಸೀಮೆಸುಣ್ಣದಲ್ಲಿ ಗುರುತು ಮಾಡಿ ಎಣಿಸಿದಳು. ಒಂದಕ್ಕೆ ಒಂದು.

ಎರಡು ಮತ್ತು ಮೂರನೇ ಗೇರುಗಳು ಎಲ್ಲಕ್ಕಿಂತ ಕಿರಿಯವು. ಲೆವಸ್ಸೋರ್‌ನ ಕರ್ರ್ ಸದ್ದನ್ನು ಜನ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಹಿಸಿಕೊಂಡರು. ಹೆನ್ರಿ ಫೋರ್ಡ್ 1908ರ ತಮ್ಮ ಮಾಡೆಲ್ ಟಿ ಕಾರಿನಲ್ಲಿ ಬೇರೆ ದಾರಿ ಹಿಡಿದರು: ಹಲ್ಲುಗಳು ಯಾವಾಗಲೂ ಕೂಡಿಕೊಂಡೇ ಇರುತ್ತವೆ, ಕಾಲಿನ ಪೆಡಲ್ ಒತ್ತಿದರೆ ಒಂದು ಪಟ್ಟಿ ಬಿಗಿದು ಗೇರ್ ಬದಲಾಗುತ್ತದೆ. ಆ ಪಟ್ಟಿ ಬೇಗ ಸವೆಯುತ್ತಿತ್ತು. ರೈತರು ತಮ್ಮ ಅಂಗಳದಲ್ಲೇ ಬದಲಿಸಿಕೊಳ್ಳುತ್ತಿದ್ದರು. ಮುಂದಿನ ಗೇರಿನ ಪಟ್ಟಿ ತೀರಾ ಸವೆದಿದ್ದರೆ ಗುಡ್ಡವನ್ನು ರಿವರ್ಸ್‌ನಲ್ಲಿ ಹತ್ತುತ್ತಿದ್ದರು! ಕೊನೆಗೆ ಅಮೆರಿಕದ ಎಂಜಿನಿಯರ್ ಅರ್ಲ್ ಥಾಂಪ್ಸನ್ ಅವರ ಸಿಂಕ್ರೊಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಗೇರ್ ಕೂಡಿಕೊಳ್ಳುವ ಮೊದಲು ಒಂದು ಸಣ್ಣ ಶಂಕುವಿನಾಕಾರದ ಭಾಗ ಇನ್ನೊಂದಕ್ಕೆ ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ಪುಟ್ಟದೊಂದು ಕ್ಲಚ್ ಎನ್ನಿ. ನಮ್ಮ ಎರಡನೇ ಗೇರಿನಲ್ಲಿ ಸವೆದಿದ್ದದ್ದು ಆ ಭಾಗವೂ ಅದರ ಹಲ್ಲುಗಳೂ. ತಮಾಷೆಯೆಂದರೆ, ಗೇರ್ ಹಾಕುವುದನ್ನು ಸುಲಭ ಮಾಡಿದ ಇದೇ ಥಾಂಪ್ಸನ್, ಮುಂದೆ ಗೇರ್ ಹಾಕುವುದನ್ನೇ ಇಲ್ಲವಾಗಿಸಿದ ಹೈಡ್ರಾಮ್ಯಾಟಿಕ್ ತಂಡದ ಮುಖ್ಯಸ್ಥರೂ ಆದರು. 1940ರ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಅದು ಮಾರಾಟಕ್ಕೆ ಬಂತು.

ಅಪ್ಪನಿಗೆ ಈ ಸಿಂಕ್ರೊಮೆಶ್ ಮೇಲೆ ಅಷ್ಟು ಗೌರವ ಇಲ್ಲ. ಅವರು ಮೊದಲು ಕಲಿತ ಲಾರಿಯಲ್ಲಿ ಅದು ಇರಲೇ ಇಲ್ಲ. 1954ರಿಂದ 1969ರವರೆಗೆ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿತ್ತು, ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ. ಅಂದರೆ ಬರ್ಥಾ ಅವರ ಮನೆ ಹೆಸರು ಹೊತ್ತ ಲಾರಿಗಳು ಶಿರಾಡಿ ಘಾಟಿ ಹತ್ತಿವೆ. ಅಲ್ಲಿ ಇಳಿಯುವಾಗ ತಪ್ಪು ಗೇರಿನಲ್ಲಿದ್ದರೆ ಬ್ರೇಕ್ ಕಾದು ಕೈ ಕೊಡುತ್ತದೆ. ಗೇರ್ ಕೆಳಗಿಳಿಸಲು ಹೋಗಿ ಅದು ಕೂಡದೆ ನ್ಯೂಟ್ರಲ್‌ನಲ್ಲಿ ಉಳಿದರೆ ಇನ್ನೂ ಕೆಟ್ಟದ್ದು, ಲಾರಿಗೆ ಹಿಡಿತವೇ ಇರುವುದಿಲ್ಲ. ಅದಕ್ಕೇ ಡಬಲ್ ಕ್ಲಚ್. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ಆಕ್ಸಿಲರೇಟರ್ ಒಂದು ಗುಕ್ಕು ಕೊಟ್ಟು ಒಳಗಿನ ಗೇರಿನ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್‌ಗೆ. ಎಷ್ಟು ಗುಕ್ಕು ಎಂಬುದು ಕಿವಿಗೆ ಗೊತ್ತಿರಬೇಕು. ಥಾಂಪ್ಸನ್ ಅವರ ಶಂಕು ಮಾಡುವ ಕೆಲಸವನ್ನು ಅಪ್ಪ ಕಿವಿಯಲ್ಲಿ ಮಾಡುತ್ತಿದ್ದರು. ಅವರ ಜೊತೆ ಕಲಿತ ಇಬ್ಬರು ಘಾಟಿಯಿಂದ ಮನೆಗೆ ಬರಲಿಲ್ಲ. ಈ ಮಾತನ್ನು ಅವರು ನನಗೆ ಎಂದೂ ಹೇಳಿರಲಿಲ್ಲ. ಮೊಮ್ಮಗಳಿಗೆ, ಗೇರಿನ ಹಲ್ಲು ಒರೆಸುತ್ತಾ, ಅವಳ ಅರ್ಧಂಬರ್ಧ ಕನ್ನಡದ ಪ್ರಶ್ನೆಗೆ ಉತ್ತರವಾಗಿ ಹೇಳಿದರು.

ಕ್ಲಚ್ ಚಾಳಿ ಕರ್ನಾಟಕದಲ್ಲಿ ಇನ್ನೊಂದು ಕಡೆಯೂ ಬೇರೆಯಾಗಿತ್ತು, ಮೈಸೂರಿನವರು ಮುನಿಸಿಕೊಳ್ಳಬಾರದೆಂದು ಹೇಳಿಬಿಡುತ್ತೇನೆ. ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳಲ್ಲಿ ಕಿಕ್ ಹೊಡೆಯುವ ಹಿಡಿಯೇ ಮುಂದಕ್ಕೆ ಮಡಚಿದರೆ ಗೇರ್ ಹಿಡಿಯಾಗುತ್ತಿತ್ತು. ಗೇರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತಿತ್ತು.

ಇನ್ನು ನನ್ನ ತಪ್ಪೊಪ್ಪಿಗೆ. ಹೊಸ ಪ್ಲೇಟ್ ಕೂರಿಸಿ, ಗೇರ್‌ಬಾಕ್ಸ್ ಏರಿಸಿ, ಎಲ್ಲ ಬಿಗಿದು, ಇಂಜಿನ್ ಚಾಲೂ ಮಾಡಿ ಕ್ಲಚ್ ಪೂರ್ತಿ ಒತ್ತಿ ಗೇರ್ ಹಾಕಿದೆ. ಕರ್ರ್! ಮತ್ತೆ ಕರ್ರ್! ಅಪ್ಪ ಒಳಗೆ ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದೇ ಬಾಗಿಲಿಗೆ ಬಂದು, "ಪ್ಲೇಟು ಉಲ್ಟಾ ಕೂರ್ಸಿದೀಯ ಕಣೋ" ಎಂದರು. ಪ್ಲೇಟಿನ ನಡುವಿನ ಗುಬ್ಬಿಯಂಥ ಭಾಗ ಒಂದು ಕಡೆಗೆ ಹೆಚ್ಚು ಉಬ್ಬಿರುತ್ತದೆ. ಅದು ಗೇರ್‌ಬಾಕ್ಸ್ ಕಡೆಗೆ ಇರಬೇಕು. ತಿರುಗಿಸಿ ಹಾಕಿದರೆ ಫ್ಲೈವೀಲ್‌ಗೆ ತಾಗಿ ಕ್ಲಚ್ ಬಿಡುವುದೇ ಇಲ್ಲ. ಪ್ಲೇಟಿನ ಮೇಲೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದೂ ಇತ್ತು. ಇಂಗ್ಲಿಷ್ ಓದಲು ಬಾರದ ಅಪ್ಪನಿಗೆ ಗೊತ್ತಾಯಿತು, ಬರುವ ನನಗೆ ಗೊತ್ತಾಗಲಿಲ್ಲ. ಪೂರ್ತಿ ಗೇರ್‌ಬಾಕ್ಸ್ ಮತ್ತೆ ಇಳಿಯಿತು. ವಿಮಾನಕ್ಕೆ ಒಂಬತ್ತು ದಿನ ಉಳಿದಿತ್ತು. ಈ ಸಲ ಪ್ಲೇಟನ್ನು ಮಗಳು ಹಿಡಿದಳು. ಪ್ರತಿ ಬೋಲ್ಟ್‌ಗೂ ಮೊದಲು "ತಾತ, ಇದು ಸರೀನಾ?" ಎಂದು ಕೇಳಿದಳು.

ಎಲೆಕ್ಟ್ರಿಕ್ ಕಾರಿನ ಮೋಟಾರು ಹಬೆ ಇಂಜಿನ್ನಿನ ಹಾಗೆ ನಿಂತಲ್ಲಿಂದಲೇ ತಳ್ಳುತ್ತದೆ. ಅದಕ್ಕೆ ಕ್ಲಚ್ ಬೇಡ, ಹೆಚ್ಚಿನವಕ್ಕೆ ಒಂದೇ ಗೇರ್ ಸಾಕು. ನಮ್ಮ ತರಗತಿಯ ಮಕ್ಕಳಲ್ಲಿ ಎಷ್ಟೋ ಮಂದಿ ಕ್ಲಚ್ ಪೆಡಲ್ ಒತ್ತದೆಯೇ ದೊಡ್ಡವರಾಗಬಹುದು. ನನಗೆ ಅದರಲ್ಲಿ ದೊಡ್ಡ ದುಃಖವಿಲ್ಲ, ಧೂಳಿನ ವಿಷಯ ನೆನೆದರೆ ಸಮಾಧಾನವೇ.

ಅಪ್ಪ ಹೊರಡುವ ಹಿಂದಿನ ದಿನ ಮೂವರೂ ಕಾರಿನಲ್ಲಿ ಹೊರಟೆವು. ಊರಾಚೆ ಒಂದು ಕಡಿದಾದ ಏರಿದೆ. ಅರ್ಧ ಹತ್ತುವಷ್ಟರಲ್ಲಿ ಎರಡನೇ ಗೇರಿನಲ್ಲಿ ಇಂಜಿನ್ ಉಸಿರು ಕಟ್ಟತೊಡಗಿತು. ಓಡುತ್ತಿರುವಾಗಲೇ ಮೊದಲನೇ ಗೇರ್ ಹಾಕಬೇಕು, ಲೆವಸ್ಸೋರ್‌ನ ಗೇರ್. ಎಡ ಸೀಟಿನಲ್ಲಿದ್ದ ಅಪ್ಪ ನನ್ನ ಕೈ ಸರಿಸಿ ಗೇರ್ ಹಿಡಿಯನ್ನು ತಾವೇ ಹಿಡಿದರು. "ಒತ್ತು" ಎಂದರು, ಒತ್ತಿದೆ. "ಬಿಡು. ಒಂದು ಗುಕ್ಕು ಕೊಡು. ಇನ್ನೂ ಸ್ವಲ್ಪ. ಹ್ಞಾ, ಒತ್ತು." ಹಿಡಿ ಬೆಣ್ಣೆಯಲ್ಲಿ ಸರಿದಂತೆ ಮೇಲಕ್ಕೆ ಹೋಯಿತು. ಕಾರು ಹತ್ತತೊಡಗಿತು.

ಹಿಂದಿನ ಸೀಟಿನಿಂದ ಮಗಳು ಮುಂದೆ ಬಾಗಿ ಕೇಳಿದಳು: "ತಾತ, ಸೌಂಡೇ ಬರ್ಲಿಲ್ಲ. ಗೇರ್ ಬಿತ್ತಾ?"